ಲೆಕ್ಕದವರ ಕುರ್ಚಿ ಎಲ್ಲಿರಬೇಕು?

ಟೇಬಲ್ 14.3.1. ಬೆಂಗಳೂರಿನ ಕೆಲವು ಗಾಜಿನ ಕಟ್ಟಡಗಳಲ್ಲಿ ಈ ನಂಬರ್ ಹೇಳಿದರೆ ಸಾಕು, ನಾಲ್ಕಾರು ತಲೆಗಳು ತಿರುಗುತ್ತವೆ. ಹೊಸ ಔಷಧವೊಂದರ ಪ್ರಯೋಗ ಮುಗಿದ ಮೇಲೆ ಔಷಧ ನಿಯಂತ್ರಕರಿಗೆ ಒಪ್ಪಿಸುವ ವರದಿಯಲ್ಲಿ 14ನೇ ವಿಭಾಗ ಕೋಷ್ಟಕಗಳಿಗೆ ಮೀಸಲು. ಅದರಲ್ಲಿ 14.3.1 ಅಂದರೆ ಅಡ್ಡಪರಿಣಾಮಗಳ ಲೆಕ್ಕ. ಎಷ್ಟು ಜನರಿಗೆ ತಲೆನೋವು ಬಂತು, ಎಷ್ಟು ಜನರಿಗೆ ವಾಂತಿ, ಎಷ್ಟು ಜನ ತಾಳಲಾರದೆ ಔಷಧವನ್ನೇ ಬಿಟ್ಟರು ಎಂಬುದೆಲ್ಲ ಅಲ್ಲಿರುತ್ತದೆ. ಈ ಕೋಷ್ಟಕವನ್ನು ಒಬ್ಬ ಪ್ರೋಗ್ರಾಮರ್ ಸಾಸ್ ಎಂಬ ತಂತ್ರಾಂಶದಲ್ಲಿ ತಯಾರಿಸುತ್ತಾಳೆ. ಪಕ್ಕದ ಸಾಲಿನಲ್ಲಿ ಕುಳಿತ ಇನ್ನೊಬ್ಬ, ಅವಳ ಕೋಡ್ ಕಣ್ಣೆತ್ತಿಯೂ ನೋಡದೆ, ಅದೇ ಮಾಹಿತಿಯಿಂದ ಅದೇ ಲೆಕ್ಕವನ್ನು ಮೊದಲಿನಿಂದ ಮಾಡುತ್ತಾನೆ. ಆಮೇಲೆ ಎರಡನ್ನೂ ಕಂಪ್ಯೂಟರ್‌ಗೆ ಕೊಟ್ಟು ಹೋಲಿಸುತ್ತಾರೆ. ದಶಾಂಶದ ಒಂದು ಅಂಕಿ ತಾಳೆಯಾಗದಿದ್ದರೂ ಇಬ್ಬರೂ ಮತ್ತೆ ಕೂರಬೇಕು. ಡಬಲ್ ಪ್ರೋಗ್ರಾಮಿಂಗ್ ಎಂದು ಇದಕ್ಕೆ ಹೆಸರು. ಔಷಧ ಕುಡಿದವರು ಡೆನ್ಮಾರ್ಕಿನಲ್ಲೋ ಬ್ರೆಜಿಲಿನಲ್ಲೋ ಇರುತ್ತಾರೆ, ಅವರ ವಾಂತಿಯ ಲೆಕ್ಕ ನಡೆಯುವುದು ಇಲ್ಲಿ.

ಐಕ್ಯೂವಿಯಾ, ಪ್ಯಾರೆಕ್ಸೆಲ್, ನೋವೊ ನಾರ್ಡಿಸ್ಕ್, ಲಿಲ್ಲಿ ಮುಂತಾದ ಕಂಪನಿಗಳ ಕಚೇರಿಗಳು ಬೆಂಗಳೂರಿನಲ್ಲಿವೆ. ಮಾನಸ ಗಂಗೋತ್ರಿ, ಜ್ಞಾನಭಾರತಿ, ಧಾರವಾಡ, ಮಂಗಳಗಂಗೋತ್ರಿಗಳಲ್ಲಿ ಸಂಖ್ಯಾಶಾಸ್ತ್ರದ ಎಂಎಸ್ಸಿ ಮುಗಿಸಿದ ಹುಡುಗ ಹುಡುಗಿಯರಿಗೆ ಮೇಷ್ಟ್ರಾಗುವುದು, ಬ್ಯಾಂಕ್ ಪರೀಕ್ಷೆ ಬರೆಯುವುದು ಇವೆರಡನ್ನು ಬಿಟ್ಟು ಮೂರನೆಯದೊಂದು ದಾರಿ ಇದೆ ಎಂದು ತೋರಿಸಿಕೊಟ್ಟದ್ದು ಈ ಉದ್ಯಮ. ಅದು ಸಣ್ಣ ಮಾತೇನಲ್ಲ.

ಆರೇಳು ವರ್ಷ ಈ ಕೆಲಸ ಮಾಡಿದವರಿಗೆ ಒಂದು ದಿನ ಪ್ರಶ್ನೆ ಬರುತ್ತದೆ: ಪೀಪಲ್ ಮ್ಯಾನೇಜರ್ ಆಗ್ತೀರಾ, ಟೆಕ್ನಿಕಲ್ ಕಡೆಯೇ ಉಳೀತೀರಾ? ಒಂದು ಕಡೆ ಹೋದರೆ ಹತ್ತು ಹದಿನೈದು ಜನರ ರಜೆ, ಅಪ್ರೈಸಲ್, ಜಗಳ. ಇನ್ನೊಂದು ಕಡೆ ಸೀನಿಯರ್, ಪ್ರಿನ್ಸಿಪಲ್ ಎಂದು ಉದ್ದವಾಗುತ್ತ ಹೋಗುವ ಹುದ್ದೆಯ ಹೆಸರುಗಳು. ಊರಿಗೆ ಹೋದಾಗ ಚಿಕ್ಕಪ್ಪ ಕೇಳುವುದಂತೂ ಒಂದೇ: "ನಿನ್ ಕೈಕೆಳಗೆ ಎಷ್ಟು ಜನ ಇದ್ದಾರಪ್ಪಾ?" ಚಿಕ್ಕಪ್ಪನೂ ಕಂಪನಿಯೂ ಎತ್ತರ ಅಳೆಯುವುದು ಒಂದೇ ಕೋಲಿನಿಂದ.

ಈ ಕೋಲು ಬೇರೆ ಕಸುಬುಗಳಿಗೆ ಸರಿಹೋಗಬಹುದು. ಔಷಧ, ರೋಗಗಳ ಲೆಕ್ಕ ಹಾಕುವ ಬಯೋಸ್ಟಾಟಿಸ್ಟಿಕ್ಸ್‌ಗೆ ಹೊಂದುವುದಿಲ್ಲ ಎಂಬುದು ನನ್ನ ವಾದ. ಇಲ್ಲಿ ಒಬ್ಬರ ಎತ್ತರ ತಿಳಿಯಬೇಕಾದರೆ ಅವರನ್ನು ಯಾವ ಹೊತ್ತಿಗೆ ಕರೆಯುತ್ತಾರೆ ಎಂದು ನೋಡಬೇಕು. ಪ್ರಯೋಗ ಮುಗಿದು ಅಂಕಿಗಳೆಲ್ಲ ಬಂದ ಮೇಲೆ ಕರೆಯುತ್ತಾರೋ, ಪ್ರಶ್ನೆಯೇ ಇನ್ನೂ ರೂಪುಗೊಳ್ಳುವ ಮೊದಲು ಕರೆಯುತ್ತಾರೋ? ಪಂಕ್ತಿಗೆ ಎಲೆ ಹಾಕಿಸಿದ ಮೇಲೆ ಅಡುಗೆಭಟ್ಟರನ್ನು ಕರೆತಂದು "ಏನಾದರೂ ಮಾಡಿ ಸ್ವಾಮಿ" ಎಂದರೆ ಭಟ್ಟರು ಏನು ಮಾಡಿಯಾರು?

ಈ ಮಾತನ್ನು ಇದಕ್ಕಿಂತ ಕಟುವಾಗಿ ಹೇಳಿದವರು ರೊನಾಲ್ಡ್ ಫಿಶರ್. ಆಧುನಿಕ ಸಂಖ್ಯಾಶಾಸ್ತ್ರದ ಅಡಿಪಾಯ ಹಾಕಿದವರಲ್ಲಿ ಮೊದಲ ಸಾಲಿನ ಮನುಷ್ಯ. ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನ ಸಲಹೆ ಕೇಳುವುದೆಂದರೆ ಹೆಣ ಕೊಯ್ದು ನೋಡಲು ಕರೆದಂತೆ, ಪ್ರಯೋಗ ಯಾವ ರೋಗದಿಂದ ಸತ್ತಿತು ಎಂದು ಬೇಕಾದರೆ ಆತ ಹೇಳಿಯಾನು ಎಂಬುದು ಅವರ ಮಾತಿನ ತಾತ್ಪರ್ಯ. ಇದನ್ನು ಅವರು ಹೇಳಿದ್ದು ಲಂಡನ್ನಿನಲ್ಲಲ್ಲ. 1938ರಲ್ಲಿ ಕಲ್ಕತ್ತೆಯಲ್ಲಿ ನಡೆದ ಭಾರತೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಅಧ್ಯಕ್ಷ ಭಾಷಣದಲ್ಲಿ. ಅಂದರೆ ಈ ಬುದ್ಧಿವಾದದ ಮೊದಲ ಕೇಳುಗರು ನಮ್ಮವರೇ.

ಫಿಶರ್ ಹೇಳಿದ್ದನ್ನು ವೈದ್ಯಲೋಕದಲ್ಲಿ ಮಾಡಿ ತೋರಿಸಿದವರು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್. ಇವರ ವೃತ್ತಿಯ ದಾರಿ ನೋಡಿದರೆ ಇಂದಿನ ಯಾವ ಎಚ್‌ಆರ್ ವಿಭಾಗವೂ ಇವರ ಬಯೋಡೇಟಾವನ್ನು ಮುಂದಕ್ಕೆ ಕಳಿಸುತ್ತಿರಲಿಲ್ಲವೇನೋ. ತಂದೆ ಹೆಸರಾಂತ ಶರೀರಶಾಸ್ತ್ರಜ್ಞರು. ಮಗನಿಗೂ ವೈದ್ಯನಾಗುವ ಆಸೆ. ಮೊದಲ ಮಹಾಯುದ್ಧ ಬಂತು, ನೌಕಾಪಡೆಯ ವಿಮಾನದಳ ಸೇರಿದರು, ಕ್ಷಯ ಅಂಟಿಕೊಂಡಿತು. ಹಾಸಿಗೆಯ ಮೇಲೆ ವರ್ಷಗಳು ಕಳೆದವು. ವೈದ್ಯಕೀಯ ಓದಲು ಮೈಯಲ್ಲಿ ಕಸುವಿಲ್ಲ. ಮನೆಯಲ್ಲೇ ಓದಿ ಅರ್ಥಶಾಸ್ತ್ರದಲ್ಲಿ ಪದವಿ ಪಡೆದರು. ಸಂಖ್ಯಾಶಾಸ್ತ್ರವನ್ನು ಕೆಲಸ ಮಾಡುತ್ತ, ಕಾರ್ಲ್ ಪಿಯರ್ಸನ್ನರ ಪಾಠಗಳಿಗೆ ಹೋಗಿ ಕುಳಿತು ಕಲಿತರು. ಮುಂದೆ ಲಂಡನ್ನಿನ ಸ್ಕೂಲ್ ಆಫ್ ಹೈಜೀನ್‌ನಲ್ಲಿ ಪ್ರೊಫೆಸರ್ ಆದರು.

ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದಿಂದ ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಔಷಧದ ಸುದ್ದಿ ಬಂತು. ಕ್ಷಯಕ್ಕೆ ಅದು ರಾಮಬಾಣ ಎಂಬ ಗುಲ್ಲು. ಬ್ರಿಟನ್ನಿನ ಬೊಕ್ಕಸದಲ್ಲಿ ಡಾಲರ್ ಇಲ್ಲ, ಆದ್ದರಿಂದ ಎಲ್ಲ ರೋಗಿಗಳಿಗೆ ಸಾಲುವಷ್ಟು ಔಷಧವಿಲ್ಲ. ಹಿಲ್ ಇದ್ದ ಸಮಿತಿ ಈ ಕೊರತೆಯನ್ನೇ ಬಳಸಿಕೊಂಡಿತು. ಹೇಗಿದ್ದರೂ ಎಲ್ಲರಿಗೂ ಕೊಡಲಾಗದು ಎಂದ ಮೇಲೆ ಕೆಲವರಿಗೆ ಕೊಡದಿರುವುದು ಅನ್ಯಾಯವಲ್ಲ, ಆದರೆ ಯಾರಿಗೆ ಕೊಡಬೇಕೆಂಬುದನ್ನು ವೈದ್ಯರ ಮರ್ಜಿಗೆ ಬಿಡಬಾರದು. ಚೇತರಿಸಿಕೊಳ್ಳುವ ಲಕ್ಷಣ ಇರುವವನಿಗೇ ಔಷಧ ಕೊಡೋಣ ಎಂದು ವೈದ್ಯನ ಮನಸ್ಸು ಅವನಿಗೇ ತಿಳಿಯದೆ ವಾಲಬಹುದು. ಅದಕ್ಕೆ ಹಿಲ್ ಯಾದೃಚ್ಛಿಕ ಸಂಖ್ಯೆಗಳಿಂದ ಮೊದಲೇ ಪಟ್ಟಿ ಮಾಡಿ, ಒಂದೊಂದು ಚೀಟಿಯನ್ನು ಒಂದೊಂದು ಲಕೋಟೆಯಲ್ಲಿಟ್ಟು ಮುದ್ರೆ ಹಾಕಿಸಿದರು. ರೋಗಿಯನ್ನು ಪ್ರಯೋಗಕ್ಕೆ ಸೇರಿಸಿಕೊಂಡಾದ ಮೇಲೆಯೇ ಲಕೋಟೆ ಒಡೆಯಬೇಕು. ಎಕ್ಸ್-ರೇ ಓದುವವರಿಗೆ ಯಾರದು ಯಾವ ಗುಂಪೆಂದು ತಿಳಿಯಕೂಡದು. 55 ಜನರಿಗೆ ವಿಶ್ರಾಂತಿಯ ಜೊತೆ ಔಷಧ, 52 ಜನರಿಗೆ ವಿಶ್ರಾಂತಿ ಮಾತ್ರ. ಆರು ತಿಂಗಳಲ್ಲಿ ಔಷಧದ ಗುಂಪಿನಲ್ಲಿ ಸತ್ತವರು 4, ಇನ್ನೊಂದರಲ್ಲಿ 14. 1948ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದು ಪ್ರಕಟವಾಯಿತು. ಇವತ್ತು ಜಗತ್ತಿನ ಯಾವ ಮೂಲೆಯಲ್ಲಿ ಔಷಧದ ಯಾದೃಚ್ಛಿಕ ಪ್ರಯೋಗ ನಡೆದರೂ ಅದರ ಅಸ್ಥಿಪಂಜರ ಇದೇ.

(ಔಷಧ ಸಿಗದ 52 ಜನರಿಗೆ ತಾವು ಪ್ರಯೋಗವೊಂದರ ಭಾಗ ಎಂಬುದನ್ನೇ ಹೇಳಿರಲಿಲ್ಲ. ಇಂದಿನ ಯಾವ ನೈತಿಕ ಸಮಿತಿಯೂ ಇದಕ್ಕೆ ಒಪ್ಪಿಗೆ ಕೊಡದು. ಕೊಡಲೂಬಾರದು.)

ಈ ಕತೆಯಲ್ಲಿ ನನಗೆ ಕುತೂಹಲವಿರುವುದು ಬೇರೊಂದು ವಿಷಯದಲ್ಲಿ. ವೈದ್ಯಕೀಯ ಪದವಿಯಿಲ್ಲದ ಈ ಮನುಷ್ಯನ ಮಾತನ್ನು ಲಂಡನ್ನಿನ ಅಹಂಭಾವದ ವೈದ್ಯರು ಕೇಳಿದ್ದಾದರೂ ಏಕೆ? ಅದಕ್ಕೆ ಹತ್ತು ವರ್ಷಗಳ ತಯಾರಿಯಿತ್ತು. 1937ರಲ್ಲಿ ಹಿಲ್ ವೈದ್ಯಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಸಂಖ್ಯಾಶಾಸ್ತ್ರದ ಬಗ್ಗೆ ಒಂದು ಲೇಖನಮಾಲೆ ಬರೆದರು. ವೈದ್ಯರಿಗೆ ಅರ್ಥವಾಗುವ ಭಾಷೆ, ಸೂತ್ರಗಳ ಹಾವಳಿ ಇಲ್ಲ. ಅದರಲ್ಲಿ ಯಾದೃಚ್ಛಿಕ ಹಂಚಿಕೆಯ ಹೆಸರನ್ನೇ ಬೇಕೆಂದು ಕೈಬಿಟ್ಟಿದ್ದಾಗಿ ಮುಪ್ಪಿನಲ್ಲಿ ಅವರೇ ಹೇಳಿಕೊಂಡಿದ್ದಾರೆ. ಮೊದಲ ಸಲಕ್ಕೇ ಅದನ್ನು ಹೇಳಿದರೆ ವೈದ್ಯರು ಬೆದರಿ ಓಡುತ್ತಾರೆಂಬ ಅಳುಕು. ಮೊದಲು ಗೆಳೆತನ, ಆಮೇಲೆ ಲಕೋಟೆ. ನಮ್ಮ ಕಂಪನಿಗಳ ಲೀಡರ್‌ಶಿಪ್ ತರಬೇತಿಗಳಲ್ಲಿ ಬಣ್ಣಬಣ್ಣದ ಸ್ಲೈಡ್ ಹಾಕಿ ಎರಡು ದಿನ ಹೇಳುವುದರಲ್ಲಿ ಇದರ ಕಾಲುಭಾಗವೂ ಇರುವುದಿಲ್ಲ.

ನಾಯಕತ್ವಕ್ಕೆ ಸಂಸ್ಥೆ ಕಟ್ಟುವುದೂ ಒಂದು ದಾರಿ. ಅಮೆರಿಕದ ಗರ್ಟ್ರೂಡ್ ಕಾಕ್ಸ್ ಆ ದಾರಿಯವರು. ಚರ್ಚಿನ ಸೇವೆಗೆ ಹೋಗಬೇಕೆಂದಿದ್ದವರು ಗಣಿತಕ್ಕೆ ಬಂದು ಅಯೋವಾದಲ್ಲಿ ಸಂಖ್ಯಾಶಾಸ್ತ್ರದ ಎಂಎಸ್ಸಿ ಮಾಡಿದರು. 1940ರಲ್ಲಿ ನಾರ್ತ್ ಕ್ಯಾರೊಲಿನಾ ಸ್ಟೇಟ್ ಕಾಲೇಜು ಹೊಸ ವಿಭಾಗಕ್ಕೆ ಮುಖ್ಯಸ್ಥರನ್ನು ಹುಡುಕುತ್ತಿತ್ತು. ಅಯೋವಾದ ಪ್ರೊಫೆಸರ್ ಸ್ನೆಡೆಕರ್ ಹೆಸರುಗಳ ಪಟ್ಟಿ ಮಾಡಿದ್ದರು, ಎಲ್ಲ ಗಂಡಸರದ್ದೇ. ನನ್ನ ಹೆಸರೇಕಿಲ್ಲ ಎಂದು ಕಾಕ್ಸ್ ಕೇಳಿದರು. ಹೆಂಗಸು ಆಗಬಹುದಾದರೆ ಇವರನ್ನು ಸೂಚಿಸುತ್ತೇನೆ ಎಂದು ಸ್ನೆಡೆಕರ್ ಪತ್ರಕ್ಕೆ ಒಂದು ಸಾಲು ಸೇರಿಸಿದರು. ಕೆಲಸ ಸಿಕ್ಕಿದ್ದು ಅವರಿಗೇ, ಪಿಎಚ್‌ಡಿ ಇಲ್ಲದೆಯೂ. ಆಮೇಲೆ ಚಾಪೆಲ್ ಹಿಲ್‌ನ ಬಯೋಸ್ಟಾಟಿಸ್ಟಿಕ್ಸ್ ವಿಭಾಗ ಹುಟ್ಟುವುದಕ್ಕೂ ಅವರ ಕೈ ಇತ್ತು. ಕಲ್ಕತ್ತೆಯ ಆರ್.ಸಿ. ಬೋಸ್, ಎಸ್.ಎನ್. ರಾಯ್ ಮೊದಲಾದವರು ಹೋಗಿ ನೆಲೆ ನಿಂತದ್ದು ಅದೇ ಚಾಪೆಲ್ ಹಿಲ್‌ನಲ್ಲಿ.

ಇನ್ನೊಂದು ಬಗೆಯದು ಕಿವಿಗೊಡುವ ನಾಯಕತ್ವ. 1980ರ ದಶಕದ ಕೊನೆಗೆ ಏಡ್ಸ್ ಔಷಧಗಳ ಪ್ರಯೋಗ ನಡೆಯುತ್ತಿದ್ದಾಗ ಅಮೆರಿಕದ ರೋಗಿಗಳು ಬೀದಿಗಿಳಿದಿದ್ದರು. ಸಾಯುತ್ತಿರುವವರಿಗೆ ಔಷಧ ಕೊಡದೆ ಲೆಕ್ಕ ಹಾಕುತ್ತ ಕೂತಿದ್ದೀರಿ ಎಂಬ ಅವರ ಸಿಟ್ಟು ನೇರ ಸಂಖ್ಯಾಶಾಸ್ತ್ರಜ್ಞರಿಗೇ ತಾಗುವಂಥದ್ದು. ಸರಕಾರಿ ಸಂಸ್ಥೆಯಲ್ಲಿ ಏಡ್ಸ್ ಪ್ರಯೋಗಗಳ ಸಂಖ್ಯಾಶಾಸ್ತ್ರದ ಹೊಣೆ ಹೊತ್ತಿದ್ದವರು ಸೂಸನ್ ಎಲೆನ್‌ಬರ್ಗ್. 1989ರ ಮಾಂಟ್ರಿಯಲ್ ಸಮ್ಮೇಳನದಲ್ಲಿ ಆಕ್ಟ್ ಅಪ್ ಎಂಬ ಹೋರಾಟಗಾರರ ಗುಂಪು ಹಂಚಿದ ಬೇಡಿಕೆಗಳ ದಸ್ತಾವೇಜನ್ನು ಅವರು ಕೂತು ಓದಿದರು. ಇದರಲ್ಲಿ ಎಷ್ಟೋ ಮಾತು ಸರಿಯಿದೆಯಲ್ಲ ಎನ್ನಿಸಿತು. ತಮ್ಮ ಸಂಖ್ಯಾಶಾಸ್ತ್ರಜ್ಞರ ಸಭೆಗೇ ಹೋರಾಟಗಾರರನ್ನು ಕರೆದು ಕೂರಿಸಿಕೊಂಡರು. ಬೇರೆ ಔಷಧ ತೆಗೆದುಕೊಳ್ಳುತ್ತಿರುವ ರೋಗಿಯನ್ನು ಪ್ರಯೋಗದಿಂದ ಹೊರಗಿಡಲೇಬೇಕೇ? ಶುದ್ಧ ಗುಂಪಿನ ಮೇಲೆ ನಡೆದ ಪ್ರಯೋಗದ ಫಲ ನಿಜವಾದ ರೋಗಿಗಳಿಗೆ ಎಷ್ಟು ಹೊಂದುತ್ತದೆ? ಇವು ಲೆಕ್ಕದ ಪ್ರಶ್ನೆಗಳೂ ಹೌದು, ಬದುಕಿನ ಪ್ರಶ್ನೆಗಳೂ ಹೌದು. ಪ್ರವೇಶದ ನಿಯಮಗಳು ಸಡಿಲಗೊಳ್ಳುವುದಕ್ಕೆ ಈ ಮಾತುಕತೆಯೂ ಕಾರಣವಾಯಿತು.

ಇನ್ನು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಪ್ರಕರಣ. ಡೇಟಾ ಸೈನ್ಸ್ ಓದುವ ಪ್ರತಿಯೊಬ್ಬರಿಗೂ ಇದನ್ನು ಮೊದಲ ವಾರದಲ್ಲೇ ಹೇಳಬೇಕೆಂದು ನನಗನ್ನಿಸುತ್ತದೆ.

2006ರಲ್ಲಿ ಡ್ಯೂಕ್‌ನ ಅನಿಲ್ ಪೊಟ್ಟಿ ಮತ್ತು ಜೋಸೆಫ್ ನೆವಿನ್ಸ್ ತಂಡ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿತು. ಗೆಡ್ಡೆಯ ಜೀನ್‌ಗಳ ಚಟುವಟಿಕೆ ನೋಡಿ, ಯಾವ ಕ್ಯಾನ್ಸರ್ ರೋಗಿಗೆ ಯಾವ ಕೀಮೋ ಔಷಧ ಹಿಡಿಯುತ್ತದೆಂದು ಮೊದಲೇ ಹೇಳಬಹುದು ಎಂಬುದು ಅದರ ಸಾರ. ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಆಸ್ಪತ್ರೆಯ ವೈದ್ಯರು ಇದನ್ನು ನಾವೂ ಬಳಸಬಹುದೇ ನೋಡಿ ಎಂದು ತಮ್ಮಲ್ಲಿದ್ದ ಕೀತ್ ಬ್ಯಾಗರ್ಲಿ, ಕೆವಿನ್ ಕೂಂಬ್ಸ್ ಎಂಬ ಇಬ್ಬರು ಲೆಕ್ಕದವರನ್ನು ಕೇಳಿದರು. ಇಬ್ಬರೂ ಪ್ರಬಂಧದ ಮಾಹಿತಿ ತೆಗೆದು ಲೆಕ್ಕ ಹಾಕತೊಡಗಿದರು. ತಾಳೆಯಾಗಲಿಲ್ಲ. ಪ್ರಬಂಧದಲ್ಲಿ ಕೊಟ್ಟ ಜೀನ್‌ಗಳ ಪಟ್ಟಿಯೇ ಬೇರೆ, ಇವರಿಗೆ ಬಂದದ್ದೇ ಬೇರೆ. ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಿದ್ದಾಗ ಗುಟ್ಟು ಬಯಲಾಯಿತು. ಇಡೀ ಪಟ್ಟಿ ಒಂದು ಸಾಲು ಜಾರಿತ್ತು. ಎಕ್ಸೆಲ್‌ನಂಥ ಹಾಳೆಯಲ್ಲಿ ಮೇಲಿನ ತಲೆಬರಹದ ಸಾಲನ್ನು ತಂತ್ರಾಂಶ ಲೆಕ್ಕಕ್ಕೆ ತೆಗೆದುಕೊಂಡಿದೆಯೋ ಇಲ್ಲವೋ ಎಂಬ ಗೊಂದಲದಲ್ಲಿ ಆಗುವ ತಪ್ಪು ಇದು. ಒಂದು ಜೀನ್ ಇರಬೇಕಾದ ಜಾಗದಲ್ಲಿ ಅದರ ನೆರೆಯದು ಕೂತಿತ್ತು.

ಅಷ್ಟೇ ಆಗಿದ್ದರೆ ಅಕ್ಷರದೋಷ ಎನ್ನಬಹುದಿತ್ತು. ಅಗೆದಷ್ಟೂ ಬಂತು. ಕೆಲವು ಔಷಧಗಳಿಗೆ 'ಹಿಡಿಯುತ್ತದೆ', 'ಹಿಡಿಯುವುದಿಲ್ಲ' ಎಂಬ ಗುರುತುಗಳೇ ಅದಲುಬದಲಾಗಿದ್ದವು. ಅಂದರೆ ಈ ಲೆಕ್ಕದಂತೆ ನಡೆದರೆ ರೋಗಿಗೆ ಕೈಕೊಡುವ ಔಷಧವನ್ನೇ ಆರಿಸಿ ಕೊಟ್ಟಂತಾಗುತ್ತದೆ. ಕೆಲವು ಮಾದರಿಗಳು ಎರಡೆರಡು ಸಲ ಎಣಿಕೆಯಾಗಿದ್ದವು. 2007ರಲ್ಲಿ ಇಬ್ಬರೂ ಅದೇ ಪತ್ರಿಕೆಗೆ ಪತ್ರ ಬರೆದರು. ಡ್ಯೂಕ್ ತಂಡ ತನ್ನ ಫಲಿತಾಂಶ ಸರಿಯೆಂದೇ ವಾದಿಸಿತು. ಅಷ್ಟರಲ್ಲಿ ಡ್ಯೂಕ್‌ನಲ್ಲಿ ಇದೇ ಲೆಕ್ಕ ನಂಬಿ ನಿಜವಾದ ರೋಗಿಗಳ ಮೇಲೆ ಪ್ರಯೋಗಗಳು ಶುರುವಾಗಿದ್ದವು. 2008ರಲ್ಲಿ ಆ ತಂಡದೊಳಗೇ ಕೆಲಸ ಮಾಡುತ್ತಿದ್ದ ಒಬ್ಬ ವೈದ್ಯ ವಿದ್ಯಾರ್ಥಿ, ಇಲ್ಲಿ ಏನೋ ಸರಿಯಿಲ್ಲ ಎಂದು ಬರೆದುಕೊಟ್ಟು ತಂಡ ಬಿಟ್ಟ. ಆ ಬರಹವೂ ಮೂಲೆ ಸೇರಿತು.

ಬ್ಯಾಗರ್ಲಿ, ಕೂಂಬ್ಸ್ ಕೊನೆಗೆ 2009ರಲ್ಲಿ ಆನಲ್ಸ್ ಆಫ್ ಅಪ್ಲೈಡ್ ಸ್ಟಾಟಿಸ್ಟಿಕ್ಸ್ ಎಂಬ ಸಂಖ್ಯಾಶಾಸ್ತ್ರ ಪತ್ರಿಕೆಯಲ್ಲಿ ಎಲ್ಲವನ್ನೂ ಬಿಡಿಸಿಟ್ಟರು. ಪ್ರಯೋಗಗಳು ನಿಂತವು, 2010ರ ಮೊದಲಲ್ಲಿ ವಿಶ್ವವಿದ್ಯಾಲಯ ಮತ್ತೆ ಆರಂಭಿಸಿತು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿದ್ದ ಲಿಸಾ ಮೆಕ್‌ಶೇನ್ ಎಂಬ ಸಂಖ್ಯಾಶಾಸ್ತ್ರಜ್ಞೆಯೂ ತಮ್ಮ ಕಡೆಯಿಂದ ಲೆಕ್ಕ ಹಾಕಿ ನೋಡಿ ಪಟ್ಟು ಹಿಡಿದರು. ಇಷ್ಟಾದರೂ ಕತೆ ಮುಗಿದದ್ದು ಲೆಕ್ಕದಿಂದಲ್ಲ ಎಂಬುದೇ ವಿಪರ್ಯಾಸ. ಪೊಟ್ಟಿ ತಮ್ಮ ಬಯೋಡೇಟಾದಲ್ಲಿ ರೋಡ್ಸ್ ವಿದ್ವಾಂಸ ಎಂದು ಸುಳ್ಳು ಬರೆದುಕೊಂಡಿದ್ದರೆಂದು 2010ರ ಜುಲೈನಲ್ಲಿ ಒಂದು ಪತ್ರಿಕೆ ಬಯಲು ಮಾಡಿತು. ಆಗ ಎಲ್ಲರಿಗೂ ಎಚ್ಚರವಾಯಿತು. ಮೂರು ವರ್ಷ ಅಂಕಿಗಳು ಕೂಗಿ ಹೇಳಿದ್ದು ಕಿವಿಗೆ ಬೀಳಲಿಲ್ಲ, ಬಯೋಡೇಟಾದ ಒಂದು ಸಾಲು ಬಿತ್ತು. 2011ರಲ್ಲಿ ನೇಚರ್ ಮೆಡಿಸಿನ್ ಪ್ರಬಂಧ ಹಿಂತೆಗೆಯಲಾಯಿತು. 2015ರಲ್ಲಿ ಅಮೆರಿಕ ಸರಕಾರದ ಸಂಶೋಧನಾ ಪ್ರಾಮಾಣಿಕತೆಯ ಕಚೇರಿ ಪೊಟ್ಟಿ ಸುಳ್ಳು ಮಾಹಿತಿ ಸೇರಿಸಿದ್ದರೆಂದು ತೀರ್ಮಾನಿಸಿತು. ಪೊಟ್ಟಿ ತಪ್ಪನ್ನು ಒಪ್ಪಿಕೊಳ್ಳಲೂ ಇಲ್ಲ, ಅಲ್ಲಗಳೆಯಲೂ ಇಲ್ಲ.

ಬ್ಯಾಗರ್ಲಿಯವರ ಕೈಯಲ್ಲಿ ಡ್ಯೂಕ್‌ನ ಯಾರ ಮೇಲೂ ಅಧಿಕಾರವಿರಲಿಲ್ಲ. ಆದರೆ ಈ ಪ್ರಕರಣ ಮುನ್ನಡೆಸಿದವರು ಯಾರು ಎಂದರೆ ಬೇರೆ ಹೆಸರು ಬಾಯಿಗೆ ಬರುವುದಿಲ್ಲ. ಇದನ್ನು ಬರಿಯ ಇಬ್ಬರ ಧೈರ್ಯ ಎಂದು ಹೊಗಳಿ ಬಿಟ್ಟರೆ ಮುಖ್ಯವಾದದ್ದು ತಪ್ಪಿಹೋಗುತ್ತದೆ. ಪ್ರಬಂಧಗಳ ಪಟ್ಟಿ ಬೆಳೆಸದ, ಗ್ರ್ಯಾಂಟ್ ತಾರದ, ಬೇರೆಯವರ ತಪ್ಪು ಹುಡುಕುವ ಕೆಲಸಕ್ಕೆ ನೂರಾರು ಗಂಟೆ ಸುರಿಯಲು ಅವರಿಗೆ ಸಾಧ್ಯವಾದದ್ದು, ಹಾಗೆ ಸುರಿದರೂ ಸಂಬಳ ನಿಲ್ಲದ ಜಾಗದಲ್ಲಿ ಅವರು ಇದ್ದುದರಿಂದ. ಗಂಟೆಗಿಷ್ಟೆಂದು ಗ್ರಾಹಕನಿಗೆ ಬಿಲ್ ಮಾಡುವ ಕಚೇರಿಯಲ್ಲಿ ಕುಳಿತವರಿಗೆ ಈ ಸವಲತ್ತಿಲ್ಲ. ಅಲ್ಲಿ ಒಬ್ಬ ಪ್ರೋಗ್ರಾಮರ್ "ಈ ಮಾಹಿತಿಯಲ್ಲಿ ಏನೋ ಜಾರಿದ ಹಾಗಿದೆ" ಎಂದರೆ, ಆ ಅನುಮಾನವನ್ನು ಟೈಮ್‌ಶೀಟ್‌ನ ಯಾವ ಖಾನೆಯಲ್ಲಿ ಬರೆಯಬೇಕು? ಖಾನೆ ಮಾಡಿಕೊಡುವವರು ಒಳ್ಳೆಯ ಮ್ಯಾನೇಜರ್.

ಡೇಟಾ ಸೈನ್ಸ್ ಎಂಬ ಹೊಸ ಹೆಸರು ಬಂದ ಮೇಲೆ ಹಳೆಯ ಕಸುಬಿನವರಿಗೆ ಸ್ವಲ್ಪ ಕೀಳರಿಮೆ ಹತ್ತಿದೆ. ಮೆಷಿನ್ ಲರ್ನಿಂಗ್ ಗೊತ್ತಿಲ್ಲದಿದ್ದರೆ ಬೆಲೆಯಿಲ್ಲವೇನೋ ಎಂದು. ಕಲಿಯಲಿ, ಅದಕ್ಕೇನಂತೆ. ಆದರೆ ಅಮೆರಿಕದ ನೂರಾರು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದ ಎಪಿಕ್ ಕಂಪನಿಯ ಸೆಪ್ಸಿಸ್ ಮುನ್ಸೂಚನೆಯ ಮಾದರಿಯ ಗತಿ ನೋಡಿ. ರಕ್ತಕ್ಕೆ ಸೋಂಕು ಏರಿ ರೋಗಿ ಕುಸಿಯುವ ಮುನ್ನ ಎಚ್ಚರಿಸುತ್ತದೆ ಎಂಬ ಭರವಸೆ ಅದರದ್ದು. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ತಮ್ಮ ಆಸ್ಪತ್ರೆಯ ಸುಮಾರು 38,000 ದಾಖಲಾತಿಗಳ ಮೇಲೆ ಅದನ್ನು ಸ್ವತಂತ್ರವಾಗಿ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೆಪ್ಸಿಸ್ ಆದವರಲ್ಲಿ ಮೂರರಲ್ಲಿ ಎರಡು ಪಾಲು ರೋಗಿಗಳನ್ನು ಮಾದರಿ ಗುರುತಿಸಿರಲೇ ಇಲ್ಲ. ಅದೇ ಹೊತ್ತಿಗೆ ಒಟ್ಟು ದಾಖಲಾತಿಗಳಲ್ಲಿ ಶೇ. 18ರಷ್ಟರಲ್ಲಿ ಎಚ್ಚರಿಕೆ ಬಾರಿಸಿತ್ತು. ಗಂಟೆ ಬಾರಿಸಿದ್ದೂ ಆಯಿತು, ಬೆಂಕಿ ಬಿದ್ದದ್ದೂ ಆಯಿತು. ಯಾವ ರೋಗಿಗಳ ಮೇಲೆ, ಯಾವ ಕ್ಷಣದಲ್ಲಿ, ಯಾವುದರ ಎದುರು ಹೋಲಿಸಿ ಪರೀಕ್ಷಿಸಿದಿರಿ ಎಂಬ ಪ್ರಶ್ನೆ ಕೇಳುವವರು ಆಸ್ಪತ್ರೆ ಅದನ್ನು ಕೊಳ್ಳುವ ಮೊದಲ ಸಭೆಯಲ್ಲಿ ಇರಬೇಕಿತ್ತು. ಅದು ಹಳೆಯ ಬಯೋಸ್ಟಾಟಿಸ್ಟಿಕ್ಸ್‌ನ ಹಳೆಯ ಪ್ರಶ್ನೆ.

ನಿಯಮದ ಮಟ್ಟದಲ್ಲಿ ಲೆಕ್ಕದವರ ಕುರ್ಚಿ ಕಾಗದದ ಮೇಲಾದರೂ ಇದೆ. ಔಷಧ ಪ್ರಯೋಗಗಳ ಅಂತಾರಾಷ್ಟ್ರೀಯ ಮಾರ್ಗಸೂಚಿ ಇ9, 1998ರಲ್ಲೇ, ಪ್ರಯೋಗದ ಸಂಖ್ಯಾಶಾಸ್ತ್ರದ ಹೊಣೆ ಅರ್ಹತೆಯೂ ಅನುಭವವೂ ಇರುವ ಸಂಖ್ಯಾಶಾಸ್ತ್ರಜ್ಞರದ್ದಾಗಿರಬೇಕು ಎಂದು ಬರೆದಿಟ್ಟಿದೆ. ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎಯಲ್ಲಿ ಹೊಸ ಔಷಧದ ಕಡತವನ್ನು ವೈದ್ಯರಷ್ಟೇ ಅಲ್ಲ, ಸಂಖ್ಯಾಶಾಸ್ತ್ರಜ್ಞರೂ ತಮ್ಮ ಸಹಿಯ ವಿಮರ್ಶೆ ಬರೆದು ಮುಂದಕ್ಕೆ ಕಳಿಸುತ್ತಾರೆ. ಅಲ್ಲಿನ ಔಷಧ ಕೇಂದ್ರದ ಬಯೋಸ್ಟಾಟಿಸ್ಟಿಕ್ಸ್ ಕಚೇರಿಯನ್ನು 2011ರಿಂದ 2017ರವರೆಗೆ ನಡೆಸಿದ ಲಿಸಾ ಲವಾಂಜ್ ಅದಕ್ಕೆ ಮೊದಲು ಲಾಭೇತರ ಸಂಶೋಧನಾ ಸಂಸ್ಥೆ, ಔಷಧ ಉದ್ಯಮ, ವಿಶ್ವವಿದ್ಯಾಲಯ ಮೂರರಲ್ಲೂ ಕೆಲಸ ಮಾಡಿದವರು. 2018ರಲ್ಲಿ ಅಮೆರಿಕನ್ ಸ್ಟಾಟಿಸ್ಟಿಕಲ್ ಅಸೋಸಿಯೇಷನ್ನಿನ ಅಧ್ಯಕ್ಷೆಯಾದಾಗ ನಾಯಕತ್ವವನ್ನೇ ಮುಖ್ಯ ವಿಷಯ ಮಾಡಿಕೊಂಡರು. ಒಂದೇ ಏಣಿ ಹತ್ತುವುದಕ್ಕಿಂತ ಪಕ್ಕದ ಅಂಗಳಗಳಿಗೆ ಹಾರುತ್ತ ಹೋದದ್ದು ಅವರಿಗೆ ಒದಗಿಬಂತು.

ಪಕ್ಕದ ಅಂಗಳದ ಮಾತು ಬಂದಾಗ ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಅವರನ್ನು ನೆನೆಯದೆ ಇರಲಾಗದು. ತೆಲುಗು ಮನೆತನ, ಓದಿದ್ದು ಆಂಧ್ರದಲ್ಲಿ. ಸೇನೆಯ ಸರ್ವೇ ಘಟಕದಲ್ಲಿ ಗಣಿತದ ಕೆಲಸ ಸಿಕ್ಕೀತೆಂದು ಕಲ್ಕತ್ತೆಗೆ ಹೋದವರಿಗೆ ಅದು ಸಿಗಲಿಲ್ಲ, ಮಹಲನೋಬಿಸ್ ಅವರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಸಿಕ್ಕಿತು. ಇಡೀ ಜಗತ್ತು ಅವರ ಹೆಸರಿನಿಂದ ಕರೆಯುವ ಪ್ರಮೇಯಗಳ ಪ್ರಬಂಧವನ್ನು 1945ರಲ್ಲಿ ಬರೆದರು. ಅದರ ಮರುವರ್ಷ ಕೇಂಬ್ರಿಜ್‌ಗೆ ಹೋದದ್ದು ಮಾತ್ರ ಪ್ರಮೇಯ ಹುಡುಕಿಕೊಂಡಲ್ಲ. ಸುಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಪುರಾತನ ಅಸ್ಥಿಗಳ ಅಳತೆಗಳನ್ನು ಮ್ಯೂಸಿಯಂ ಒಂದರಲ್ಲಿ ಕುಳಿತು ವಿಶ್ಲೇಷಿಸಲು. ಜೊತೆಜೊತೆಗೆ ಫಿಶರ್ ಬಳಿ 1948ರಲ್ಲಿ ಪಿಎಚ್‌ಡಿ ಮುಗಿಸಿದರು. ಅವರ ಬಹುಚರ ವಿಶ್ಲೇಷಣೆಯ ವಿಧಾನಗಳಿಗೆ ಈ ಎಲುಬುಗಳ ಋಣವಿದೆ. 2023ರಲ್ಲಿ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂದಾಗ ಅವರಿಗೆ 102 ವರ್ಷ. ಅದೇ ವರ್ಷ ತೀರಿಕೊಂಡರು.

ಕರ್ನಾಟಕದಲ್ಲಿ ಕಂಪನಿಗಳ ಆಚೆಗೂ ಜಾಗಗಳಿವೆ. ನಿಮ್ಹಾನ್ಸ್‌ನಲ್ಲಿ ಬಯೋಸ್ಟಾಟಿಸ್ಟಿಕ್ಸ್ ವಿಭಾಗವೇ ಇದೆ. ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಲ್ಲಿ ಸಾಂಕ್ರಾಮಿಕ ರೋಗಶಾಸ್ತ್ರದ ಜೊತೆಗೆ ಸಂಖ್ಯಾಶಾಸ್ತ್ರದವರು ಕೂರುತ್ತಾರೆ. ದೇಶದ ಕ್ಯಾನ್ಸರ್ ನೋಂದಣಿ ಜಾಲವನ್ನು ನಡೆಸುವ ಐಸಿಎಂಆರ್ ಕೇಂದ್ರ ಬೆಂಗಳೂರಿನಲ್ಲೇ ಇದೆ. 1982ರಲ್ಲಿ ಬೊಂಬಾಯಿ, ಮದ್ರಾಸುಗಳ ಜೊತೆ ಈ ಜಾಲದಲ್ಲಿ ಮೊದಲು ಕೆಲಸ ಆರಂಭಿಸಿದ ನೋಂದಣಿಗಳಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯದ್ದೂ ಒಂದು. ಅಲ್ಲಿನ ಕೆಲಸ ಹೊರಗಿನಿಂದ ನೋಡಿದರೆ ಗುಮಾಸ್ತಿಕೆಯಂತೆ ಕಾಣುತ್ತದೆ. ಒಂದು ಆಸ್ಪತ್ರೆಯ ಕಡತದಲ್ಲಿ "ಲಕ್ಷ್ಮಮ್ಮ ಕೋಂ ಹನುಮಂತಪ್ಪ, 52 ವರ್ಷ", ಇನ್ನೊಂದರಲ್ಲಿ "ಲಕ್ಷ್ಮಿ ಎಚ್., 55 ವರ್ಷ" ಎಂದಿದ್ದರೆ ಇದು ಒಬ್ಬರೋ ಇಬ್ಬರೋ? ಇಬ್ಬರೆಂದು ಬರೆದರೆ ಊರಿನಲ್ಲಿ ಒಂದು ಕ್ಯಾನ್ಸರ್ ಹೆಚ್ಚಾಯಿತು. ಒಬ್ಬರೆಂದು ತಪ್ಪಾಗಿ ಬರೆದರೆ ಒಂದು ಕಡಿಮೆಯಾಯಿತು. ಇಂಥ ಸಾವಿರಾರು ಸಣ್ಣ ತೀರ್ಪುಗಳಿಗೆ ನಿಯಮ ಮಾಡಿಕೊಡುವವರೇ ರಾಜ್ಯದಲ್ಲಿ ಎಷ್ಟು ಕ್ಯಾನ್ಸರ್ ಇದೆ ಎಂದು ನಿಜವಾಗಿ ಹೇಳುವವರು. ಸಂಬಳ ಖಾಸಗಿಯಷ್ಟಿಲ್ಲ, ಗುತ್ತಿಗೆ ಹುದ್ದೆಗಳೂ ಇವೆ, ಇದನ್ನು ಮುಚ್ಚಿಟ್ಟು ಫಲವಿಲ್ಲ.

ಎಲ್ಲರಿಗಿಂತ ಒಂಟಿಯಾಗಿರುವವರು ಮೆಡಿಕಲ್ ಕಾಲೇಜುಗಳ ಸಂಖ್ಯಾಶಾಸ್ತ್ರದ ಮೇಷ್ಟ್ರು. ಸಮುದಾಯ ವೈದ್ಯಕೀಯ ವಿಭಾಗದ ಮೂಲೆಯಲ್ಲಿ ಬಹುತೇಕ ಕಡೆ ಒಂದೇ ಹುದ್ದೆ. ಮೇಲೆ ಹತ್ತಲು ಮೆಟ್ಟಿಲಿಲ್ಲ, ಸುತ್ತ ಇರುವವರೆಲ್ಲ ಡಾಕ್ಟರು. ಎಂಡಿ, ಎಂಎಸ್ ವಿದ್ಯಾರ್ಥಿಗಳು ಪ್ರಬಂಧ ಒಪ್ಪಿಸುವ ದಿನ ಹತ್ತಿರ ಬಂದಾಗ ಪೆನ್‌ಡ್ರೈವ್ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ. "ಸರ್, ಸೋಮವಾರ ಸಬ್‌ಮಿಷನ್. ಪಿ ವ್ಯಾಲ್ಯೂ ಒಂದು ಬಂದ್ಬಿಟ್ರೆ ಸಾಕು." ಹಾಳೆ ತೆರೆದರೆ ವಯಸ್ಸಿನ ಕಾಲಂನಲ್ಲಿ "45 yrs" ಎಂದು ಇಂಗ್ಲಿಷಿನಲ್ಲಿ ಒಂದು ಕಡೆ, ಬರಿಯ 45 ಇನ್ನೊಂದು ಕಡೆ, ಮತ್ತೊಂದು ಕಡೆ ಖಾಲಿ. ಎಷ್ಟು ರೋಗಿಗಳು ಬೇಕೆಂಬ ಲೆಕ್ಕ ಮೊದಲೇ, ಪ್ರಬಂಧದ ಯೋಜನೆಯಾದ ಸಿನಾಪ್ಸಿಸ್ ಬರೆಯುವಾಗ ಆಗಬೇಕಿತ್ತು. ಆಗ ಹಿಂದಿನ ಬ್ಯಾಚಿನವರ ಸಿನಾಪ್ಸಿಸ್‌ನಿಂದ ಸೂತ್ರವನ್ನು ನಕಲು ಮಾಡಿರುತ್ತಾರೆ. ಮೇಷ್ಟ್ರು ರಾತ್ರಿ ಕೂತು ಮಾಡಿಕೊಡುತ್ತಾರೆ, ಪ್ರಬಂಧ ಪತ್ರಿಕೆಯಲ್ಲಿ ಬಂದಾಗ ಲೇಖಕರ ಸಾಲಿನಲ್ಲಿ ಅವರ ಹೆಸರಿರುವುದಿಲ್ಲ.

ಇದನ್ನು ಸರಿಮಾಡಲು ಹೊಸ ಸಂಸ್ಥೆ, ಹೊಸ ಕಟ್ಟಡ ಏನೂ ಬೇಡ. ಸಂಖ್ಯಾಶಾಸ್ತ್ರದವರು ಓದಿ ಪ್ರಶ್ನೆ ಕೇಳಿ ಸಹಿ ಹಾಕದ ಸಿನಾಪ್ಸಿಸ್ ಅನ್ನು ಕಾಲೇಜಿನ ನೈತಿಕ ಸಮಿತಿ ಕೈಗೆತ್ತಿಕೊಳ್ಳಬಾರದು. ಲೆಕ್ಕ ರೂಪಿಸಿದವರ ಹೆಸರು ಲೇಖಕರ ಸಾಲಿನಲ್ಲಿ ಇರಬೇಕು. ಆ ಒಂಟಿ ಹುದ್ದೆಗೆ ಮೇಲೆ ಇನ್ನೆರಡು ಮೆಟ್ಟಿಲು ಬೇಕು.

ಕಂಪನಿ ಬದಲಿಸುವ ಯೋಚನೆಯಲ್ಲಿರುವ ತರುಣರಿಗೂ ಒಂದು ಮಾತು. ಸಂದರ್ಶನದ ಕೊನೆಗೆ "ನಿಮ್ಮದೇನಾದರೂ ಪ್ರಶ್ನೆ ಇದೆಯಾ?" ಎಂದು ಕೇಳುತ್ತಾರಲ್ಲ, ಆಗ ಹೈಕ್ ಎಷ್ಟು ಎಂದು ಖಂಡಿತ ಕೇಳಿ, ಅದರಲ್ಲಿ ಸಂಕೋಚ ಬೇಡ. ಅದರ ಜೊತೆಗೆ ವಿಶ್ಲೇಷಣೆಯ ಯೋಜನೆ ಬರೆಯುವುದು ಬೆಂಗಳೂರಿನಲ್ಲೋ ಹೊರದೇಶದಲ್ಲೋ, ಪ್ರಯೋಗದ ಯೋಜನೆಯಾದ ಪ್ರೋಟೊಕಾಲ್‌ನ ಚರ್ಚೆಯ ಕಾಲ್‌ಗೆ ಇಲ್ಲಿಂದ ಯಾರು ಕೂರುತ್ತಾರೆ, ಅವರು ಅಲ್ಲಿ ಬಾಯಿ ಬಿಡುವ ರೂಢಿ ಇದೆಯೇ ಎಂದೂ ಕೇಳಿ. ಎದುರಿಗಿದ್ದವರು ಉತ್ತರಿಸಲು ತಡವರಿಸಿದರೆ, ಮುಂದಿನ ಐದು ವರ್ಷ ಮಾಡುವ ಕೆಲಸ 14.3.1 ಎಂದೇ ಲೆಕ್ಕ ಹಾಕಿಕೊಂಡು ಸಂಬಳ ಚೌಕಾಸಿ ಮಾಡಿ.